ಮೂಕ ಅಂಗಡಿಯ ನೋಟುಗಳು

ನಮ್ಮೂರಿನ ನೋಟುಗಳು ಮಾತಾಡುತ್ತವೆ. ಮಡಚಿಟ್ಟರೆ ಸುಮ್ಮನಿರುತ್ತವೆ. ಬಿಡಿಸಿ ಚಪ್ಪಟೆಯಾಗಿ ಹಾಸಿದರೆ, ಆ ನೋಟನ್ನು ಕಡೆಯದಾಗಿ ಖರ್ಚು ಮಾಡಿದವರು ಅಂಗಡಿಯಲ್ಲಿ ಏನು ಕೇಳಿದ್ದರೋ ಅದನ್ನು ಅವರದೇ ದನಿಯಲ್ಲಿ ಒಂದು ಸಲ ಹೇಳುತ್ತವೆ. "ಅರ್ಧ ಕೆಜಿ ಹುರುಳೀಕಾಯಿ, ಎಳೇದು ನೋಡಿ ಹಾಕಪ್ಪ." "ಒಂದು ಕಟ್ಟು ಬೀಡಿ." ಅಷ್ಟೆ. ಇನ್ನೊಂದು ಅಂಗಡಿಯಲ್ಲಿ ಖರ್ಚಾದಾಗ ಹಳೆಯ ಮಾತು ಅಳಿಸಿಹೋಗಿ ಹೊಸದು ಬಂದು ಕೂರುತ್ತದೆ. ಹೊರಗಿನಿಂದ ಬಂದವರು ಮೊದಲ ದಿನ ಬೆಚ್ಚಿಬೀಳುತ್ತಾರೆ, ಎರಡನೆಯ ದಿನ ಜೇಬಿನಲ್ಲಿರುವುದನ್ನೆಲ್ಲ ಬಿಡಿಸಿ ಬಿಡಿಸಿ ಆಡುತ್ತಾರೆ, ಮೂರನೆಯ ದಿನ ನಮ್ಮ ಹಾಗೇ ಕೇಳಿಸಿದರೂ ಕೇಳಿಸದವರಂತೆ ಓಡಾಡುತ್ತಾರೆ.

ಇದಕ್ಕೆ ತಕ್ಕ ಹಾಗೆ ನಾವೂ ಬದುಕುವುದನ್ನು ಕಲಿತಿದ್ದೇವೆ. ಮದುವೆಗೆ ಮುಯ್ಯಿ ಮಾಡುವವರು ಮೊದಲು ಮಿಠಾಯಿ ಅಂಗಡಿಗೆ ಹೋಗಿ ನೋಟು ಬದಲಾಯಿಸಿಕೊಂಡು ಬರುತ್ತಾರೆ. ಕವರು ಒಡೆದಾಗ "ಎರಡು ಕೆಜಿ ಮೈಸೂರುಪಾಕು" ಎಂದರೆ ಮದುಮಕ್ಕಳಿಗೆ ಚೆನ್ನ, "ಇಲಿ ಪಾಷಾಣ ಒಂದು ಪೊಟ್ಟಣ" ಎಂದರೆ ಚೆನ್ನವೇ? ದೊಡ್ಡಸ್ತಿಕೆ ತೋರಿಸುವವರು ಚಿನ್ನದಂಗಡಿಯಲ್ಲಿ ನಾಟಕದ ರಾಜನ ದನಿ ತೆಗೆದು ಸರ ಕೇಳುತ್ತಾರೆ. ಗಡಿಯಾರ ರಿಪೇರಿಯ ಸಾಬ್‌ಜಾನ್ ಸಾಹೇಬರ ಹೆಂಡತಿ ತೀರಿಕೊಂಡ ಮಾರನೆಯ ದಿನ, ಆಕೆ ಕಡೆಯ ಸಲ ಸೊಪ್ಪು ಕೊಂಡ ಹತ್ತರ ನೋಟನ್ನು ಸೊಪ್ಪಿನವಳಿಗೆ ನೂರು ರೂಪಾಯಿ ಕೊಟ್ಟು ವಾಪಸು ತಂದರು. ಅದು ಇವತ್ತಿಗೂ ಅವರ ಡಬ್ಬಿಯಲ್ಲಿದೆ. "ಮೆಂತ್ಯ ಒಂದು ಕಂತೆ, ಹುಳ ಹಿಡಿದಿದ್ದು ಬೇಡ" ಅನ್ನುತ್ತದೆ. ಸಾಹೇಬರು ದಿನಕ್ಕೊಂದು ಸಲ ಕೇಳುತ್ತಾರೆ.

ನನ್ನ ಹೆಸರು ಚೆನ್ನಾಜಮ್ಮ. ತೊಟ್ಟಿಬೀದಿಯಲ್ಲಿ ಹೆಂಗಸರ ಒಳಬಟ್ಟೆಯ ಅಂಗಡಿ ಇಟ್ಟಿದ್ದೇನೆ. ಬಾಡಿ, ಬ್ರಾ, ಒಳಲಂಗ, ಚಡ್ಡಿ, ನೈಟಿ, ತಿಂಗಳಿನ ಪ್ಯಾಡು, ಬಾಣಂತಿಯರ ಹೊಟ್ಟೆಪಟ್ಟಿ ಎಲ್ಲವೂ ಸಿಗುತ್ತದೆ. ಅಂಗಡಿ ಹಾಕಿದವರು ನಮ್ಮತ್ತೆ. ಅತ್ತೆಯ ಕಾಲದಿಂದಲೂ ಊರಿನವರು ಇದನ್ನು ಮೂಕ ಅಂಗಡಿ ಎಂದೇ ಕರೆಯುವುದು. ಯಾಕೆಂದರೆ ಒಳಗೆ ಬಂದ ಹೆಂಗಸು ತುಟಿ ಎರಡು ಮಾಡುತ್ತಿರಲಿಲ್ಲ. ಮಾಡಿದರೆ ನೋಟಿನಲ್ಲಿ ಕೂರುತ್ತದಲ್ಲ! ಆ ನೋಟು ನಾಳೆ ಬ್ಯಾಂಕಿಗೋ ಸೊಸೈಟಿಗೋ ಗಂಡನ ಸ್ನೇಹಿತನ ಜೇಬಿಗೋ ಹೋಗಿ ಬಾಯಿಬಿಟ್ಟರೆ ಗತಿ ಏನು? ಹೇಳದೆ ಕೊಂಡರೆ ನೋಟಿನ ಹಳೆಯ ಮಾತು ಅಳಿಸಿಹೋಗುತ್ತದೆ, ಹೊಸದು ಬರುವುದಿಲ್ಲ. ನೋಟು ಮೂಕವಾಗುತ್ತದೆ.

ಹಾಗಾಗಿ ನಮ್ಮಲ್ಲಿ ಎಲ್ಲವೂ ಸನ್ನೆ. ಸೈಜಿಗೆ ಬೆರಳು. ಬಣ್ಣಕ್ಕೆ, ಕೆಂಪು ಬೇಕಾದರೆ ಕುಂಕುಮ ಮುಟ್ಟಬೇಕು, ಕಪ್ಪಾದರೆ ಕರಿಮಣಿ, ಬಿಳಿಯಾದರೆ ಹಲ್ಲು ತೋರಿಸಬೇಕು. ಪ್ಯಾಡು ಬೇಕಾದವರು ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಾರೆ. ಸೆರಗು ಬೀಸಿಕೊಂಡರೆ ತೆಳುವಾದ ನೈಟಿ ಎಂದರ್ಥ. ಒಂದು ಏಪ್ರಿಲ್ ತಿಂಗಳಲ್ಲಿ ಮುನ್ಸೀಫರ ಹೆಂಡತಿ ಅಲಮೇಲಮ್ಮ ಬಂದು, ಪಾಪ, ಸೆಕೆಗೆ ಸೆರಗು ಬೀಸಿಕೊಂಡರು. ಆರು ಸಲ ಬೀಸಿಕೊಂಡರು. ನಾನು ಆರು ತೆಳು ನೈಟಿ ಕಟ್ಟಿಕೊಟ್ಟೆ. ಬೇಡ ಎನ್ನಲು ಬಾಯಿ ಬಿಡಬೇಕಲ್ಲ, ಆಕೆ ದುಡ್ಡು ಕೊಟ್ಟು ಕಟ್ಟನ್ನು ಬಗಲಿಗಿಟ್ಟುಕೊಂಡು ನಡೆದುಬಿಟ್ಟರು. ಮಾರನೆಯ ವರ್ಷ ಚಳಿಗಾಲದಲ್ಲಿ ಬಂದು, ನನ್ನನ್ನೇ ನೋಡುತ್ತಾ, ಬೇಕೆಂದೇ ಎರಡು ಸಲ ಬೀಸಿಕೊಂಡಾಗ ನನಗೆ ನಗು ತಡೆಯಲು ಆಗಲಿಲ್ಲ.

ನನಗಂತೂ ಮಾತಿಲ್ಲದಿದ್ದರೆ ಅನ್ನ ಸೇರುವುದಿಲ್ಲ. ಅಂಥವಳನ್ನು ತಂದು ಇಪ್ಪತ್ತೆರಡು ವರ್ಷ ಮೂಕ ಅಂಗಡಿಯಲ್ಲಿ ಕೂರಿಸಿದ್ದಾರೆ. ಅದೊಂದನ್ನು ಬಿಟ್ಟರೆ ಅಂಗಡಿಯಿಂದ ನನಗೆ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಬ್ಯಾಂಕಿನ ಕಡೆಯಿಂದ.

ನಮ್ಮೂರಿಗಿರುವುದು ಒಂದೇ ಬ್ಯಾಂಕು. ಅವರು ಮೂಕ ನೋಟು ಮುಟ್ಟುವುದಿಲ್ಲ. ಸಾರಾಯಿ ಅಂಗಡಿಯವನ ನೋಟು "ಇನ್ನೊಂದು ಹಾಕೋ ಗುರುವೇ" ಎಂದು ತೊದಲಿದರೂ ಎಣಿಸಿಕೊಳ್ಳುತ್ತಾರೆ. ಇಸ್ಪೀಟು ಕ್ಲಬ್ಬಿನವನಿಗೆ ಕುರ್ಚಿ ಕೊಟ್ಟು ಕೂರಿಸುತ್ತಾರೆ. ನನ್ನ ಕಟ್ಟನ್ನು ಮಾತ್ರ ಪೆನ್ಸಿಲಿನ ತುದಿಯಿಂದ ವಾಪಸು ತಳ್ಳುತ್ತಾರೆ. ಮೂಕ ನೋಟು ಊರಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲವಾದ್ದರಿಂದ ಅದು ನನ್ನದೇ ಎಂದು ಎಲ್ಲರಿಗೂ ಗೊತ್ತು. ಬಾಯಿ ಮುಚ್ಚಿಕೊಂಡು ಕೊಂಡರೆ ಗುಟ್ಟು ಉಳಿಯುತ್ತದೆ ಎಂದು ಹೆಂಗಸರು ತಿಳಿದಿದ್ದರು. ಅವರ ಗುಟ್ಟೇನೋ ಉಳಿಯಿತು, ಅದರ ಭಾರವೆಲ್ಲ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು.

ಸರಕು ಕಳಿಸುವವರಿಗೆ ಚೆಕ್ಕು ಬೇಕು. ಅದಕ್ಕೆ ಕಿರಾಣಿ ಅಂಗಡಿಯ ಪದ್ಮನಾಭ ಶೆಟ್ಟರನ್ನು ಹಿಡಿದಿದ್ದೆ. ನನ್ನ ಮೂಕ ನೋಟು ಒಯ್ದು ಶೆಟ್ಟರ ಮುಂದೆ ನಿಂತು "ಒಂದು ಅಚ್ಚು ಬೆಲ್ಲ ಕೊಡಿ" ಎನ್ನುವುದು. ಸಾಮಾನು ಕೈಗೆ ಬರದೆ ನೋಟು ಮಾತು ಹಿಡಿಯುವುದಿಲ್ಲ, ಹಾಗಾಗಿ ಶೆಟ್ಟರು ಬೆಲ್ಲ ನನ್ನ ಕೈಗಿಡುವುದು, ನಾನು ಅದನ್ನು ತಕ್ಕಡಿಯ ಪಕ್ಕದಲ್ಲಿ ಇಡುವುದು, ಅವರು ಅದನ್ನೇ ಮತ್ತೆ ನನಗೆ ಮಾರುವುದು. ಒಂದೇ ಅಚ್ಚನ್ನು ಆರು ವರ್ಷ ಕೊಂಡಿದ್ದೇನೆ, ಮೂಲೆಗಳೆಲ್ಲ ಸವೆದು ಗುಂಡಗಾಗಿತ್ತು. ದುಡ್ಡು ಶೆಟ್ಟರ ಖಾತೆಗೆ ಹೋಗುತ್ತಿತ್ತು, ನೂರಕ್ಕೆ ಹತ್ತು ಮುರಿದುಕೊಂಡು ನನ್ನ ಸರಕಿನವರಿಗೆ ಅವರು ಚೆಕ್ಕು ಬರೆಯುತ್ತಿದ್ದರು. ಕಡೆಗೆ ಬ್ಯಾಂಕಿನವರು, ದಿನಬೆಳಗಾದರೆ ಅದೇ ಹೆಂಗಸು ಅದೇ ಬೆಲ್ಲ ಕೇಳುತ್ತಾಳಲ್ಲ ಎಂದು ಶೆಟ್ಟರನ್ನು ಕರೆಸಿ ಕಣ್ಣು ಕೆಂಪಗೆ ಮಾಡಿದರು. ಶೆಟ್ಟರು ನನ್ನ ಮುಂದೆ ಕೈ ಜೋಡಿಸಿದರು. "ಚೆನ್ನಕ್ಕ, ನಿಮಗೆ ಸಕ್ಕರೆ ಕಾಯಿಲೆ ಬಂದು ಬೆಲ್ಲ ಬಿಟ್ರಿ ಅಂತ ಹೇಳ್ಬಿಟ್ಟಿದೀನಿ. ಇನ್ಮೇಲೆ ಈ ಕಡೆ ಬರ್ಬೇಡಿ, ನಿಮ್ಮ ದಮ್ಮಯ್ಯ!"

ಅದೇ ವಾರ ಪುರಸಭೆಯ ನೋಟೀಸು ಬಂತು. ತೊಟ್ಟಿಬೀದಿಯ ಮಳಿಗೆಗಳನ್ನೆಲ್ಲ ಮಾರುತ್ತಾರಂತೆ. ಈಗ ಬಾಡಿಗೆಗಿರುವವರಿಗೇ ಮೊದಲ ಹಕ್ಕು, ಆದರೆ ಮುಂದಿನ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಮೂವತ್ತು ಸಾವಿರದ ಬ್ಯಾಂಕ್ ಡ್ರಾಫ್ಟ್ ಕೊಡಬೇಕು. ನಗದು ನಡೆಯುವುದಿಲ್ಲ. ಕೊಡದಿದ್ದರೆ ಮಳಿಗೆ ಪಕ್ಕದ ಚಪ್ಪಲಿ ಅಂಗಡಿಯವನಿಗೆ. ಅವನಾಗಲೇ ಟೇಪು ಹಿಡಿದು ನನ್ನ ಹೊಸ್ತಿಲು ಅಳೆದುಕೊಂಡು ಹೋಗಿದ್ದ. ನನ್ನ ಮನೆಯ ಪೆಟ್ಟಿಗೆಯಲ್ಲಿ ಮೂವತ್ತು ಸಾವಿರಕ್ಕಿಂತ ಹೆಚ್ಚೇ ಇತ್ತು. ಎಲ್ಲ ಮೂಕ ನೋಟು.

ಮಾರನೆಯ ಬೆಳಿಗ್ಗೆಯೇ ಬ್ಯಾಂಕಿಗೆ ಹೋದೆ. ಒಳಗೆ ಸಂತೆಯ ಗಲಾಟೆ, ಅಕ್ಕಿ ಸಕ್ಕರೆ ಸೀಮೆಣ್ಣೆ ಎಂದು ನೋಟುಗಳು ಒಂದೇ ಸಮನೆ ಕೂಗುತ್ತಿದ್ದವು. ನಡುವೆ ಕ್ಯಾಷಿಯರ್ ಸರ್ವಮಂಗಳ ಬೆನ್ನು ನೆಟ್ಟಗೆ ಮಾಡಿಕೊಂಡು ಎಣಿಸುತ್ತಿದ್ದರು. ನಗು ಎನ್ನುವುದು ಆ ಮುಖಕ್ಕೆ ದಾರಿ ತಪ್ಪಿಯೂ ಬರುವುದಿಲ್ಲ. ಆಕೆ ನನ್ನ ಗಿರಾಕಿ. ನಾಲ್ಕು ವರ್ಷದ ಹಿಂದೆ ಮೂರು ತಿಂಗಳು ರಜೆ ಹಾಕಿ ದೊಡ್ಡ ಆಸ್ಪತ್ರೆಗೆ ಹೋಗಿದ್ದರು. ಊರಿಗೆಲ್ಲ ಕಾಮಾಲೆ ಎಂದೇ ಗೊತ್ತು. ವಾಪಸು ಬಂದ ಮೇಲೆ ಒಂದು ಸಂಜೆ ನನ್ನ ಅಂಗಡಿಗೆ ಬಂದು, ಎಡಗೈಯನ್ನು ಎಡ ಎದೆಯ ಮೇಲಿಟ್ಟು, ಆಮೇಲೆ ತೆಗೆದು, ಖಾಲಿ ಅಂಗೈ ನನಗೆ ತೋರಿಸಿದರು. ನಮ್ಮ ಸನ್ನೆಗಳಲ್ಲಿ ಅಂಥದ್ದೊಂದು ಇರಲಿಲ್ಲ. ಆದರೂ ಅರ್ಥವಾಯಿತು. ಹತ್ತಿ ತುಂಬಿ, ತೂಕಕ್ಕೆ ಒಳಗೊಂದಿಷ್ಟು ಸಾಸಿವೆ ಸೇರಿಸಿ, ಬಲಕ್ಕೆ ಸರಿಯಾಗಿ ಎಡವನ್ನು ಹೊಲಿದುಕೊಟ್ಟೆ. ಅಂದಿನಿಂದ ಆರು ತಿಂಗಳಿಗೊಮ್ಮೆ ಬರುತ್ತಾರೆ, ಒಂದು ಮಾತಿಲ್ಲ. ಬ್ಯಾಂಕಿನಲ್ಲಿ ಎದುರಾದರೆ ಗುರುತೇ ಇಲ್ಲದವರಂತೆ "ಟೋಕನ್ ತಗೊಂಡ್ರಾ?" ಅನ್ನುತ್ತಾರೆ. ನನಗೆ ಅದರಿಂದ ಬೇಸರವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮ್ಯಾನೇಜರ್ ನಾಗಭೂಷಣಯ್ಯನವರು ಒಳ್ಳೆಯವರೇ. ಕೂರಿಸಿದರು, ನೀರು ತರಿಸಿದರು.

"ನೋಡಿ ಅಮ್ಮ, ನಿಮ್ಮದು ಕಾನೂನಿಗೆ ವಿರುದ್ಧ ಅಂತ ನಾನು ಹೇಳ್ತಾ ಇಲ್ಲ. ಲೈಸೆನ್ಸ್ ಇದೆ, ತೆರಿಗೆ ಕಟ್ತೀರ. ಆದ್ರೆ ಬ್ಯಾಂಕು ಅಂದ್ಮೇಲೆ ಅದಕ್ಕೊಂದು ಮರ್ಯಾದೆ ಇರುತ್ತಲ್ಲ."

"ಊರಿನ ಮರ್ಯಾದೆ ಮುಚ್ಚೋಕೇ ಅಲ್ವಾ ಸಾರ್ ನಾನು ಅಂಗಡಿ ಇಟ್ಟಿರೋದು?" ಎಂದೆ.

ಅವರು ಕನ್ನಡಕ ಒರೆಸಿಕೊಂಡು ಸುತ್ತೋಲೆ ತೆಗೆದು ಓದಿದರು. ಎಲ್ಲಿಂದ ಬಂತು, ಯಾತಕ್ಕೆ ಬಂತು ಎಂದು ತಿಳಿಯದ ನೋಟನ್ನು ಬ್ಯಾಂಕು ಸ್ವೀಕರಿಸಬಾರದು. ಕಟ್ಟಿನಲ್ಲಿ ಅಂಥದ್ದು ಒಂದಿದ್ದರೂ ಇಡೀ ಕಟ್ಟು ವಾಪಸು. "ನಾನೇನೂ ಸ್ವಂತಕ್ಕೆ ಹೇಳ್ತಿಲ್ಲಮ್ಮ, ಮೇಲಿನವರ ಆರ್ಡರು," ಎಂದರು. ಮೇಲಿನವರು ಯಾರೆಂದು ನಾನು ಕೇಳಲಿಲ್ಲ. ಕೇಳಿದರೆ ಅವರ ಮೇಲಿನವರು ಸಿಗುತ್ತಾರೆ.

"ಹಾಗಾದ್ರೆ ನೋಟು ಮಾತಾಡಿದ್ರೆ ತಗೋತೀರ?"

ಮ್ಯಾನೇಜರಿಗೆ ನಗು ಬಂತು. "ತಗೊಳ್ಳದೆ ಏನು? ನಿಮ್ಮ ಗಿರಾಕಿಗಳ ದನೀಲಿ, ನಿಮ್ಮಂಗಡಿ ಸಾಮಾನಿನ ಹೆಸರು ಹೇಳಲಿ, ಕಣ್ಣು ಮುಚ್ಕೊಂಡು ತಗೋತೀನಿ. ಬೆಲ್ಲ ಗಿಲ್ಲ ನಡೆಯಲ್ಲ. ಆದ್ರೆ ನಿಮ್ಮಲ್ಲಿ ಯಾರಮ್ಮ ಬಾಯಿ ಬಿಡ್ತಾರೆ?"

ಬಾಗಿಲು ತೆರೆದೇ ಇತ್ತು. ಹೊರಗಿನ ಕೌಂಟರಿನಿಂದ ಸರ್ವಮಂಗಳ ತಲೆ ಎತ್ತದೆ ಹೇಳಿದರು: "ಮಾತಾಡೋ ನೋಟು ಬೇಡ ಅನ್ನೋದಾದ್ರೆ ಚೀಟಿ ಬರ್ಕೊಡ್ಬೇಕು ಸಾರ್. ದನಿ ಯಾರದ್ದು, ಯಾಕೆ ಬೇಡ, ಎರಡೂ. ಅದೇ ಸುತ್ತೋಲೆ, ಒಂಬತ್ತನೇ ಕಲಮು." ಅದು ನನಗಾಗಿ ಹೇಳಿದ್ದೋ ಕಲಮಿಗಾಗಿ ಹೇಳಿದ್ದೋ ಆ ಮುಖ ನೋಡಿದರೆ ತಿಳಿಯುವ ಹಾಗಿರಲಿಲ್ಲ.

ಮನೆಗೆ ಬಂದವಳೇ ರಟ್ಟಿನ ಮೇಲೆ ಬರೆದು ಅಂಗಡಿ ಬಾಗಿಲಿಗೆ ತೂಗುಹಾಕಿದೆ. "ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಾಮಾನು. ಐನೂರರ ನೋಟು ತರುವುದು. ಚಿಲ್ಲರೆ ಇದೆ." ಲೆಕ್ಕ ಸುಲಭವಾಗಿತ್ತು. ಒಬ್ಬೊಬ್ಬ ಹೆಂಗಸು ಐನೂರರ ನೋಟು ಕೊಟ್ಟು ಬೇಕಾದ್ದನ್ನು ಬಾಯಿಬಿಟ್ಟು ಕೇಳಿದರೆ ಆ ನೋಟಿಗೆ ಮಾತು ಬರುತ್ತದೆ. ಚಿಲ್ಲರೆಗೆ ನನ್ನ ಪೆಟ್ಟಿಗೆಯ ಮೂಕ ನೂರುಗಳನ್ನು ಒಯ್ಯಲಿ, ತರಕಾರಿಗೋ ಬಸ್ಸಿಗೋ ಖರ್ಚಾಗಿ ಅವೂ ಮಾತು ಕಲಿಯುತ್ತವೆ. ಅರವತ್ತು ಹೆಂಗಸರು ಬಂದರೆ ನನ್ನ ಅಂಗಡಿ ನನ್ನದು.

ಶನಿವಾರ ಒಬ್ಬರೂ ಬರಲಿಲ್ಲ. ಭಾನುವಾರ ಇಬ್ಬರು ಬಂದು, ಬೋರ್ಡು ಓದಿ, ನನ್ನ ಮುಖ ನೋಡಿ, ಕೆಮ್ಮಿಕೊಂಡು ಹೋದರು. ಸೋಮವಾರ ಚಪ್ಪಲಿ ಅಂಗಡಿಯವನು ಮತ್ತೆ ಟೇಪು ತಂದ. ಈ ಸಲ ಗೋಡೆಯ ಎತ್ತರ ಬೇಕಿತ್ತಂತೆ. ಇರುವ ಗಿರಾಕಿಗಳನ್ನೂ ಓಡಿಸಿಕೊಂಡೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೋರ್ಡು ಬಿಚ್ಚಲು ಸ್ಟೂಲು ಹತ್ತಿದ್ದೆ, ಅಷ್ಟರಲ್ಲಿ ತರಕಾರಿ ಮಾರುವ ಜವರಮ್ಮ ಖಾಲಿ ಮಂಕರಿ ಸೊಂಟಕ್ಕಿಟ್ಟುಕೊಂಡು ಬಂದಳು. ಬೆಳಗಿನಿಂದ ಸಂಜೆಯವರೆಗೆ ಬೀದಿ ಬೀದಿ ಕೂಗುವ ಗಂಟಲು ಅವಳದು.

"ಏನವ್ವ ಅದು ಬರ್ದಿರಾದು? ನಂಗೆ ಓದಕ್ ಬರಾಕಿಲ್ಲ."

ಓದಿ ಹೇಳಿದೆ. ಯಾಕೆ ಎಂದಳು. ಅದನ್ನೂ ಹೇಳಿದೆ. ಮಂಕರಿ ಕೆಳಗಿಟ್ಟಳು.

"ಅಯ್, ಇಷ್ಟೇಯಾ! ದಿನಾ ಬದನೆಕಾಯ್ ಅಂತ ಕೂಗಾಳಿಗೆ ಬಾಡಿ ಅಂತ ಕೂಗಾಕೆ ಏನ್ ನೋವು? ಕೇಳ್ಕೋ ಮತ್ತೆ." ಸೊಂಟದ ಚೀಲದಿಂದ ನೋಟು ತೆಗೆದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಮೂವತ್ತಾರು, ಕರೀದು, ಹುಕ್ಕು ಗಟ್ಟಿ ಇರ್ಬೇಕು ಕನವ್ವ!"

ಎದುರಿನ ಟೀ ಅಂಗಡಿಯಲ್ಲಿ ಲೋಟಗಳ ಸದ್ದು ನಿಂತುಹೋಯಿತು. ನಾನು ಕೈಗೆ ಕಟ್ಟು ಕೊಟ್ಟು ನೋಟು ಬಿಡಿಸಿದೆ. ನೋಟೂ ಅಷ್ಟೇ ಗಟ್ಟಿಯಾಗಿ ಕೂಗಿತು. ಜವರಮ್ಮ ತನ್ನ ದನಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು, "ಇನ್ನೊಂದ್ ಕಿತ ಬಿಡ್ಸು," ಎಂದಳು. ಬಿಡಿಸಿದೆ. ಮತ್ತೂ ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಅವಳು ಅವತ್ತು ಸಂಜೆ ತರಕಾರಿಯ ಜೊತೆಗೆ ಈ ಸುದ್ದಿಯನ್ನೂ ಮನೆಮನೆಗೆ ಹಾಕಿಬಂದಿರಬೇಕು. ಮಂಗಳವಾರ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು ಬಂದು, ಪಾಠ ಹೇಳುವ ದನಿಯಲ್ಲಿ ಪ್ಯಾಡು ಕೇಳಿದರು. ಆಕೆಯ ಹಿಂದೆ ಮೂವರು ಟೀಚರುಗಳು. ಮಧ್ಯಾಹ್ನದ ಹೊತ್ತಿಗೆ ಅಲಮೇಲಮ್ಮ ಬಂದರು. ಅಭ್ಯಾಸಬಲದಿಂದ ಮೊದಲು ಸೆರಗು ಬೀಸಿಕೊಂಡರು, ಆಮೇಲೆ ನಾಲಿಗೆ ಕಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದರು. ಮೂಕರಾಗಿದ್ದವರಿಗೆ ಬಾಯಿ ಬಂದ ಮೇಲೆ ಕೇಳಬೇಕೇ? ಇಪ್ಪತ್ತೆರಡು ವರ್ಷದ ದೂರುಗಳೆಲ್ಲ ಒಟ್ಟಿಗೆ ಹೊರಬಂದವು. ಹೋದ ಸಲದ್ದು ಭುಜ ಕೊಯ್ಯಿತು, ಆ ಬಿಳಿ ಒಂದೇ ಒಗೆತಕ್ಕೆ ಹಳದಿಯಾಯಿತು, ನಾನು ಮೂರು ಬೆರಳು ತೋರಿಸಿದರೆ ನೀವು ನಾಲ್ಕರ ಸೈಜು ಕೊಟ್ಟಿರಿ, ನನಗೆ ಕೆಂಪು ಬೇಕಿರಲಿಲ್ಲ, ಹಣೆ ತುರಿಸಿಕೊಂಡೆ ಅಷ್ಟೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಸಲಹೆ ಕೊಡುವುದು, ಅದಕ್ಕೆ ಮತ್ತೊಬ್ಬರು ನಗುವುದು. ಗುರುವಾರದ ಹೊತ್ತಿಗೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮ್ಯಾನೇಜರ ತಾಯಿ ವಿಶಾಲಾಕ್ಷಮ್ಮನವರು, ಎಂಬತ್ತು ವರ್ಷದ ಮುದುಕಿ, ಕೋಲೂರಿಕೊಂಡು ಬಂದರು. ಅವರು ಕೇಳಿದ್ದನ್ನು ನೀವೇ ಮುಂದೆ ಕೇಳುವಿರಿ.

ದೀಪ ಹಚ್ಚುವ ಹೊತ್ತಿಗೆ ನನ್ನ ಕೈಯಲ್ಲಿ ಐವತ್ತೊಂಬತ್ತು ನೋಟುಗಳಿದ್ದವು. ಕದ ಮುಂದೆ ಮಾಡುತ್ತಿದ್ದಾಗ ಸರ್ವಮಂಗಳ ಬಂದರು. ಬೋರ್ಡನ್ನು ಮೊದಲಿನಿಂದ ಕಡೆಯವರೆಗೆ ಓದಿದರು. ಒಳಗೆ ಬಂದು ಎಡಗೈಯನ್ನು ಎದೆಯ ಮೇಲಿಟ್ಟರು. ನಾನು ಬೋರ್ಡಿನ ಕಡೆ ನೋಡಿದೆ. ಅವರು ಬಾಯಿ ತೆರೆದರು. ತುಟಿ ಅಲುಗಿತು, ಗಂಟಲು ಅಲುಗಿತು, ಮಾತು ಬರಲಿಲ್ಲ. ದಿನವಿಡೀ ಗಾಜಿನ ಹಿಂದೆ ಕೂತು ಊರನ್ನೇ ಗದರುವ ಹೆಂಗಸು ನನ್ನ ಮುಂದೆ ಪಾಠ ಮರೆತ ಹುಡುಗಿಯ ಹಾಗೆ ನಿಂತಿತ್ತು. ನನಗೆ ಸಂಕಟವಾಯಿತು. ಬೋರ್ಡೂ ಬೇಡ ಏನೂ ಬೇಡ ಎನಿಸಿ, ಹೊಲಿದಿಟ್ಟಿದ್ದನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟೆ. ಅವರು ಐನೂರರ ನೋಟು ಕೊಟ್ಟು, ಚಿಲ್ಲರೆ ತೆಗೆದುಕೊಂಡು ಹೋದರು. ಬಿಡಿಸಿ ನೋಡಿದೆ. ಮೂಕ.

ಶುಕ್ರವಾರ ಬೆಳಿಗ್ಗೆ ಅರವತ್ತನೆಯದಕ್ಕೆ ಕಾದು ಕೂತೆ. ಒಬ್ಬರೂ ಇಲ್ಲ. ಹನ್ನೆರಡಾಯಿತು, ಒಂದಾಯಿತು. ಬ್ಯಾಂಕಿನ ಕಡೆ ಹೋಗಿ ಬಂದ ಶೆಟ್ಟರು, "ಊರಿನ ಹೆಂಗಸ್ರೆಲ್ಲ ಬ್ಯಾಂಕಲ್ಲಿ ಕೂತವ್ರೆ, ನಿಮಗೇ ಕಾಯ್ತಾ ಇದಾರೆ, ಇಲ್ಲೇನ್ ಮಾಡ್ತಿದೀರಿ?" ಎಂದಾಗಲೇ ನನಗೆ ಗೊತ್ತಾದದ್ದು. ನನ್ನ ಡ್ರಾಫ್ಟ್ ನೋಡಲು ಹೋದವರು ನನ್ನ ಅಂಗಡಿಗೆ ಬರುವುದೆಲ್ಲಿಂದ? ಸರ್ವಮಂಗಳರ ಮೂಕ ನೋಟನ್ನೇ ಕಟ್ಟಿನ ಅಡಿಗೆ ಸೇರಿಸಿದೆ. ಎಣಿಸುವವರು ಅವರೇ, ನೋಟೂ ಅವರದೇ. ಬಿಡಿಸದೆ ಬೆರಳ ತುದಿಯಲ್ಲಿ ದಾಟಿಸಿದರೆ ಯಾರಿಗೆ ತಿಳಿಯುತ್ತದೆ? ಅಷ್ಟು ಮಾಡುತ್ತಾರೆ ಎಂದು ನಾನು ನಂಬಿದ್ದೆ.

ಬ್ಯಾಂಕಿನಲ್ಲಿ ಬೆಂಚು, ಕಿಟಕಿಕಟ್ಟೆ, ಮೆಟ್ಟಿಲು ಎಲ್ಲ ಕಡೆ ಹೆಂಗಸರು. ಜವರಮ್ಮ ಮಂಕರಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ವಿಶಾಲಾಕ್ಷಮ್ಮನವರಿಗೆ ಮ್ಯಾನೇಜರ ಕುರ್ಚಿಯನ್ನೇ ತಂದು ಹಾಕಿದ್ದರು. ಹಾಗಾಗಿ ಮ್ಯಾನೇಜರು ನಿಂತಿದ್ದರು. ಒಂದೂವರೆ ಗಂಟೆಯಾಗಿತ್ತು. ನಾನು ಕಟ್ಟನ್ನು ಕಿಂಡಿಯೊಳಗೆ ತಳ್ಳಿದೆ.

ಸರ್ವಮಂಗಳ ಮೊದಲ ನೋಟು ಬಿಡಿಸಿದರು. "ಮೂವತ್ತಾರು, ಕರೀದು, ಹುಕ್ಕು ಗಟ್ಟಿ ಇರ್ಬೇಕು ಕನವ್ವ!" ಎಲ್ಲರೂ ಘೊಳ್ಳೆಂದು ನಕ್ಕರು. "ಎರಡು ಪ್ಯಾಕೆಟ್ ಪ್ಯಾಡು ಕೊಡಿ, ಪೇಪರ್ ಸುತ್ತೋದು ಬೇಡ," ಎಂದಿತು ಎರಡನೆಯದು. ಆಮೇಲಿನದು: "ತೆಳು ನೈಟಿ, ಹೂವಿಂದು. ಹೋದ್ ವರ್ಷದ್ದು ನಮ್ಮ ಯಜಮಾನ್ರಿಗೂ ತುಂಬ ಹಿಡಿಸ್ತು."

ಮ್ಯಾನೇಜರ ಕಿವಿ ಕೆಂಪಾಯಿತು. "ಇದೇನು ಅಸಹ್ಯ! ಇದು ಬೇಡ. ಚೀಟಿ ಬರೀರಿ."

ಸರ್ವಮಂಗಳ ಚೀಟಿ ಎಳೆದುಕೊಂಡರು. "ದನಿ ಯಾರದ್ದು ಅಂತ ಬರೀಲಿ ಸಾರ್?"

"ಅಲಮೇಲು, ಮುನ್ಸೀಫ್ ರಂಗಾಚಾರ್ಯರ ಧರ್ಮಪತ್ನಿ," ಎಂದರು ಬೆಂಚಿನ ಮೇಲಿಂದ ಅಲಮೇಲಮ್ಮ. "ವಿಳಾಸ ಬೇಕಾ? ಯಾಕೆ ಬೇಡ ಅಂತಾನೂ ಸರಿಯಾಗಿ ಬರೀರಿ. ಅವರಿಗೆ ತೋರಿಸ್ತೀನಿ."

ಮ್ಯಾನೇಜರು ಕೆಮ್ಮಿದರು. "ಇರ್ಲಿ, ಇರ್ಲಿ. ಮುಂದೆ ನೋಡಿ."

ಆಮೇಲೆ ಅವರು ಯಾವುದಕ್ಕೂ ತಡೆ ಹೇಳಲಿಲ್ಲ. ಹೇಳಲು ಉಸಿರೂ ಇದ್ದಂತಿರಲಿಲ್ಲ, ಯಾಕೆಂದರೆ ನಲವತ್ತರ ಆಸುಪಾಸಿನಲ್ಲಿ ಒಂದು ನಡುಗುವ ದನಿ ಬಂತು: "ಎರಡು ಹತ್ತಿ ಬಾಡಿ ಕೊಡಮ್ಮ, ಮೆತ್ತಗಿರೋದು. ನಮ್ಮ ನಾಗು ಹುಟ್ಟಿದಾಗ್ಲಿಂದ ನಂಗೆ ಸರಿಯಾದ್ದು ಸಿಕ್ಕೇ ಇಲ್ಲ." ಮ್ಯಾನೇಜರು ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರ ತಾಯಿ, "ನೋಡ್ತೀಯೇನೋ, ನಿಜಾನೇ ಅದು," ಎಂದರು.

ಐವತ್ತೆಂಟು, ಐವತ್ತೊಂಬತ್ತು. ಸರ್ವಮಂಗಳ ಕಡೆಯ ನೋಟನ್ನು ಕೈಗೆತ್ತಿಕೊಂಡರು. ಅದರ ಮಡಿಕೆ ನೋಡಿದ ತಕ್ಷಣ ಅವರಿಗೆ ಗೊತ್ತಾಯಿತು, ಬೆರಳು ನಿಂತಿತು. ದಾಟಿಸಿ ತಾಯಿ, ದಾಟಿಸಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನೋಟನ್ನು ಬಿಡಿಸಿದರು. ಮೇಜಿನ ಮೇಲೆ ಹಾಸಿದರು. ಮೂಲೆಗಳನ್ನು ಅಂಗೈಯಿಂದ ಒತ್ತಿ ಸಪಾಟು ಮಾಡಿದರು.

ಏನೂ ಕೇಳಿಸಲಿಲ್ಲ.

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. "ನಿಲ್ಲಿಸಿ! ಮೂಕ ನೋಟು. ಎಲ್ಲಿಂದ ಬಂತು, ಯಾತಕ್ಕೆ ಬಂತು ಗೊತ್ತಿಲ್ಲ. ಕಟ್ಟು ವಾಪಸು. ಕ್ಷಮಿಸಿ ಅಮ್ಮ, ನಿಯಮ ನಿಯಮಾನೇ."

ಗಡಿಯಾರ ಒಂದೂ ಐವತ್ತು ತೋರಿಸುತ್ತಿತ್ತು. ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಜವರಮ್ಮ ಸೊಂಟಕ್ಕೆ ಕೈ ಹಾಕಿ, "ನಾನ್ ಕೊಡ್ತೀನಿ ಇನ್ನೊಂದ," ಎಂದಳು. ಇನ್ನೊಂದು ತಂದರೂ ಅಂಗಡಿಗೆ ಹೋಗಿ ಕೊಂಡು ಬರಲು ಹೊತ್ತಿರಲಿಲ್ಲ. ನನ್ನ ಅತ್ತೆಯ ಅಂಗಡಿ ಹೋಯಿತು ಎಂದುಕೊಂಡೆ. ನನ್ನ ಅತಿ ಜಾಣತನದಿಂದಲೇ ಹೋಯಿತು.

"ಗೊತ್ತಿದೆ ಸಾರ್," ಎಂದರು ಸರ್ವಮಂಗಳ.

"ಏನು ಗೊತ್ತಿದೆ?"

"ಎಲ್ಲಿಂದ ಬಂತು ಅಂತ. ನನ್ನ ಪರ್ಸಿಂದ." ಆಕೆ ಕುರ್ಚಿಯಿಂದ ಎದ್ದರು. ಗಾಜಿನ ಹಿಂದೆ ಎದ್ದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ದನಿ ಮಾತ್ರ ಟೋಕನ್ ನಂಬರ್ ಕೂಗುವ ಅದೇ ದನಿ. "ನಿನ್ನೆ ಸಾಯಂಕಾಲ ಕೊಟ್ಟೆ. ಯಾತಕ್ಕೆ ಅಂದ್ರೆ, ನಾಲ್ಕು ವರ್ಷದ ಹಿಂದೆ ನನಗೆ ಕಾಮಾಲೆ ಆಗಿದ್ದಲ್ಲ ಸಾರ್. ಕ್ಯಾನ್ಸರ್ ಆಗಿತ್ತು. ಎಡಗಡೇದು ತೆಗೆದುಬಿಟ್ರು. ಈಯಮ್ಮ ನನಗೆ ಅದನ್ನ ಹೊಲಿದುಕೊಡ್ತಾರೆ, ಅದನ್ನ ಹಾಕ್ಕೊಂಡೇ ನಾನು ದಿನಾ ಇಲ್ಲಿ ಬಂದು ಕೂರೋದು. ನಿನ್ನೆ ಹೇಳೋಕೆ ಬಾಯಿ ಬರಲಿಲ್ಲ. ಈಗ ಹೇಳ್ತಿದೀನಿ. ನೋಟು ಬೇಡ ಅಂದ್ರೆ ಚೀಟಿ ಬರೀರಿ. ದನಿ ನಂದು. ಸರ್ವಮಂಗಳ, ಹೆಡ್ ಕ್ಯಾಷಿಯರ್."

ಚೀಟಿಯನ್ನೂ ಪೆನ್ನನ್ನೂ ಮ್ಯಾನೇಜರ ಮುಂದೆ ಇಟ್ಟರು.

ನಾಗಭೂಷಣಯ್ಯನವರು ಪೆನ್ನು ಹಿಡಿದರು. ಚೀಟಿ ನೋಡಿದರು, ಸರ್ವಮಂಗಳರನ್ನು ನೋಡಿದರು, ಕುರ್ಚಿಯಲ್ಲಿದ್ದ ತಾಯಿಯನ್ನು ನೋಡಿದರು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಮ್ಯಾನೇಜರು ಪೆನ್ನಿನ ಕ್ಯಾಪು ಹಾಕಿ, "ಅರವತ್ತು ಆಯ್ತಲ್ಲ, ಡ್ರಾಫ್ಟ್ ಬರೀರಿ. ಎರಡು ಗಂಟೆಗೆ ಪುರಸಭೆ ಗಡುವು ಮುಗಿಯುತ್ತೆ," ಎಂದು ಮೆಲ್ಲಗೆ ಹೇಳಿ, ಕೂರಲು ಕುರ್ಚಿಯಿಲ್ಲದ ತಮ್ಮ ಕೋಣೆಗೆ ಹೋದರು.

ಸರ್ವಮಂಗಳ ಕೂತು ಡ್ರಾಫ್ಟ್ ಬರೆದರು. ಪುರಸಭೆಯ ಹೆಸರಿನ ಕೆಳಗೆ, ದುಡ್ಡು ಕಟ್ಟಿದವರ ಜಾಗದಲ್ಲಿ, ನನ್ನ ಹೆಸರನ್ನು ತಪ್ಪಿಲ್ಲದೆ, ಚೆನ್ನಾಗಿ, ದೊಡ್ಡ ಅಕ್ಷರದಲ್ಲಿ ಬರೆದರು. ಸೀಲು ಒತ್ತಿದರು. ಕಿಂಡಿಯಿಂದ ನನ್ನ ಕೈಗೆ ಕೊಡುವಾಗ, ಬೆಂಚುಗಳ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ಚೆನ್ನಾಜಮ್ಮೋರೇ, ನಿನ್ನೆ ಕೊಟ್ಟಿದ್ದು ಪಕ್ಕದಲ್ಲಿ ಸ್ವಲ್ಪ ಬಿಗಿ ಆಯ್ತು. ನಾಳೆ ಬರ್ತೀನಿ, ಸಡಿಲ ಮಾಡ್ಕೊಡಿ."

"ಬನ್ನಿ, ಕೂತ್ಕೊಂಡು ಮಾತಾಡ್ತಾ ಮಾಡೋಣ," ಎಂದು ಹೇಳಿ ಪುರಸಭೆಗೆ ಓಡಿದೆ.